ಉಪ್ಪು ದಾಟಿದ ಹಾಳೆ

ಸೆಂಟರ್‌ವಿಲ್‌ನ ಕೊರಿಯನ್ ಅಂಗಡಿಯಲ್ಲಿ ತರಕಾರಿ ಚೆನ್ನಾಗಿ ಸಿಗುತ್ತದೆ. ಸೊಪ್ಪು, ಮೂಲಂಗಿ, ಎಳೆ ಬದನೆಕಾಯಿ ಬೇಕೆಂದರೆ ನಾನು ಅಲ್ಲಿಗೇ ಹೋಗುವುದು. ಆದರೆ ತರಕಾರಿಯ ಸಾಲಿಗೆ ಹೋಗಬೇಕಾದರೆ ಮೀನಿನ ಕಟ್ಟೆಯನ್ನು ದಾಟಬೇಕು. ಕಳೆದ ವಾರ ಅಲ್ಲಿ ಐಸಿನ ಪೆಟ್ಟಿಗೆಯೊಂದು ಕೆಟ್ಟು, ನೆಲವೆಲ್ಲ ಒದ್ದೆಯಾಗಿ, ಹಳಸಿದ ಮೀನಿನ ಘಾಟು ಮೂಗಿಗೆ ಬಡಿಯಿತು. ಸಾಮಾನಿನ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಾರಿನಲ್ಲಿ ಕುಳಿತೆ. ಹಿಂದೆಯೇ ಮಗಳು ಮಿಹಿಕಾ ಓಡಿ ಬಂದಳು.

"ಅಮ್ಮಾ, ಆರ್ ಯು ಓಕೆ?"

"ಏನಿಲ್ಲ ಪುಟ್ಟಾ. ರಾಲಿ ಲ್ಯಾಬ್ ನೆನಪಾಯ್ತು."

"ಓ, ದಟ್ ಸ್ಮೆಲ್," ಎಂದಳು. ಅವಳಿಗೂ ಮರೆತಿರಲಿಲ್ಲ.

ರಾಲಿಯಲ್ಲಿ ನಾವು ಇದ್ದದ್ದು ಆರು ವರ್ಷ. ನನಗೆ ನೆನಪಾಗುವುದು ಮಾತ್ರ 2022ರ ಶರತ್ಕಾಲ. ಕೋವಿಡ್ ಮುಗಿಯಿತೆಂದು ಜನ ಮಾಸ್ಕ್ ತೆಗೆದು ಒಬ್ಬರ ಮುಖ ಒಬ್ಬರು ನೋಡಲು ಶುರುಮಾಡಿದ್ದ ಕಾಲ. ಗಂಡ ಪ್ರಕಾಶ್‌ಗೆ ಅಲ್ಲಿನ ಸರ್ಕಾರಿ ಇಲಾಖೆಯೊಂದರ ಕಂಪ್ಯೂಟರ್ ಕೆಲಸ. ನಾನು ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು. ಗಂಡನ ವೀಸಾದ ಮೇಲೆ ಸಿಕ್ಕ ವರ್ಕ್ ಪರ್ಮಿಟ್ ಹಿಡಿದುಕೊಂಡು ಊರ ಹೊರಗಿನ ಒಂದು ಸಣ್ಣ ಲ್ಯಾಬಿನಲ್ಲಿ ಸೇರಿಕೊಂಡಿದ್ದೆ.

ನಮ್ಮ ಲ್ಯಾಬಿನ ಕೆಲಸ ವಿಚಿತ್ರವಾದದ್ದು. ಕುಡಿಯುವ ನೀರಿಲ್ಲದ ಕರಾವಳಿಯ ದೇಶಗಳಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುತ್ತಾರೆ. ಭಾರೀ ಒತ್ತಡದಲ್ಲಿ ಆ ನೀರನ್ನು ತೆಳುವಾದ ಹಾಳೆಯ ಮೂಲಕ ನೂಕುತ್ತಾರೆ. ನೀರು ಆಚೆ ದಾಟುತ್ತದೆ, ಉಪ್ಪು ಈಚೆಗೇ ಉಳಿಯುತ್ತದೆ. ಈ ಹಾಳೆಗೆ ಮೆಂಬ್ರೇನ್ ಎನ್ನುತ್ತಾರೆ. ಚಾಪೆಯಂತೆ ಸುತ್ತಿ ಕೊಳವೆಯೊಳಗೆ ತುಂಬಿರುತ್ತಾರೆ. ಎಲ್ಲೋ ಒಂದು ಸ್ಥಾವರದಲ್ಲಿ ಮೆಂಬ್ರೇನ್ ಕೆಟ್ಟು ಉಪ್ಪು ದಾಟಲು ಶುರುವಾದರೆ, ಏಕೆ ಕೆಟ್ಟಿತೆಂದು ತಿಳಿಯಲು ಆ ಕೊಳವೆಗಳನ್ನು ನಮಗೆ ಕಳಿಸುತ್ತಿದ್ದರು. ನಾವು ಗರಗಸದಿಂದ ಸೀಳಿ, ಹಾಳೆ ಬಿಡಿಸಿ, ಪರೀಕ್ಷೆ ಮಾಡುತ್ತಿದ್ದೆವು. ಲ್ಯಾಬಿನಲ್ಲಿ ಅದಕ್ಕೆ ಪೋಸ್ಟ್‌ಮಾರ್ಟಂ ಎಂದೇ ಹೆಸರು.

ಆ ಸೆಪ್ಟೆಂಬರ್ ಕೊನೆಯಲ್ಲಿ ಕೊಲ್ಲಿಯ ದಂಡೆಯ ದೇಶವೊಂದರಿಂದ ಕೊಳವೆಗಳು ಬಂದವು. ಅದು ಯಾವ ದೇಶ, ಯಾವ ಊರು ಎಂದು ಬರೆಯುವುದಿಲ್ಲ. ಆ ಊರಿಗೆ ಬೇರೆ ನೀರೇ ಇಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ನಲ್ಲಿಯಲ್ಲಿ ಉಪ್ಪುನೀರು ಬರಲು ಶುರುವಾಗಿತ್ತು. ಹಾಳೆಯೇ ಕಳಪೆ ಎಂದು ಸ್ಥಾವರ ನಡೆಸುವ ಕಂಪನಿ, ನೀವು ಕ್ಲೋರಿನ್ ತಗುಲಿಸಿ ಸುಟ್ಟಿದ್ದೀರಿ ಎಂದು ಹಾಳೆ ಮಾರಿದ ಕಂಪನಿ. ಸಮುದ್ರದ ನೀರನ್ನು ಒಳಗೆ ಎಳೆದುಕೊಳ್ಳುವಾಗ ಪಾಚಿ, ಲೋಳೆ ಬೆಳೆಯದಿರಲೆಂದು ಕ್ಲೋರಿನ್ ಹಾಕುತ್ತಾರೆ. ಆದರೆ ಮೆಂಬ್ರೇನಿನ ಹತ್ತಿರ ಬರುವ ಮುಂಚೆ ಬೇರೊಂದು ಪುಡಿ ಬೆರೆಸಿ ಆ ಕ್ಲೋರಿನ್ನನ್ನು ಕೊಲ್ಲಲೇಬೇಕು. ಇಲ್ಲದಿದ್ದರೆ ಹಾಳೆ ಉಳಿಯುವುದಿಲ್ಲ. ಪರೀಕ್ಷೆಯನ್ನು ಕಣ್ಣಾರೆ ನೋಡಲು ಎರಡೂ ಕಡೆಯವರು ಒಬ್ಬೊಬ್ಬರನ್ನು ಕಳಿಸಿದ್ದರು. ಹಾಳೆಯ ಕಂಪನಿಯಿಂದ ಮಾರ್ಕ್ ಎಂಬ ಎಂಜಿನಿಯರ್. ಸ್ಥಾವರದಿಂದ ಅಲ್ಲಿನ ಕೆಮಿಸ್ಟ್, ಎತ್ತರದ ತೆಳ್ಳಗಿನ ಮನುಷ್ಯ, ಐವತ್ತೈದರ ಆಸುಪಾಸು. ಯಾರದೋ ಕೋಟು ಇಸಿದುಕೊಂಡು ಬಂದಿದ್ದರೋ ಏನೋ, ಭುಜದಿಂದ ಜಾರುತ್ತಿತ್ತು.

ನಮ್ಮ ಲ್ಯಾಬಿನ ಮುಖ್ಯಸ್ಥೆ ಲಿಂಡಾ ಮೊದಲ ದಿನ ಎಲ್ಲರನ್ನೂ ಕೂರಿಸಿದಳು. ಮೆಂಬ್ರೇನಿನವರೆಗೆ ಯಾವತ್ತಾದರೂ ಕ್ಲೋರಿನ್ ಬಂದಿತ್ತೇ ಎಂದು ಮಾರ್ಕ್ ಕೇಳಿದ.

"ನೋ ಸರ್. ನೆವರ್. ಝೀರೋ," ಎಂದರು ಆ ಕೆಮಿಸ್ಟ್. ಮೇಜಿನ ಅಂಚು ನೋಡುತ್ತಾ, ತೀರಾ ಗಟ್ಟಿಯಾದ ದನಿಯಲ್ಲಿ. ಸ್ಥಾವರದ ಪಂಪುಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವರ ಎಡಗಿವಿ ಮಂದವಾಗಿತ್ತೆಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಕಾರಿಡಾರಿನಲ್ಲಿ ನಿಂತು ನಾನು ಪ್ರಕಾಶ್‌ಗೆ ಫೋನ್ ಮಾಡುತ್ತಿದ್ದೆ. "ಮಿಹಿಕಾನ ನೀವೇ ಪಿಕಪ್ ಮಾಡ್ಕೊಂಡ್ ಬಿಡಿ, ನಂಗೆ ಲೇಟಾಗತ್ತೆ."

ಫೋನ್ ಇಡುತ್ತಿದ್ದಂತೆ ಹಿಂದಿನಿಂದ ಕೇಳಿತು: "ಕನ್ನಡದವರೇನ್ರಿ, ಮೇಡಮ್ಮಾರ?"

ನಾನು ಬೆಚ್ಚಿ ತಿರುಗಿದೆ. ಆ ಕೆಮಿಸ್ಟರ ಮುಖದಲ್ಲಿ ಬೆಳಗಿನಿಂದ ಕಾಣದಿದ್ದ ನಗು.

"ದಸ್ತಗೀರ್ ನದಾಫ್ ಅಂತರಿ. ಬಾಗಲಕೋಟಿ. ಅಂದ್ರ ಹಳೇ ಬಾಗಲಕೋಟಿ. ನಮ್ಮ ಓಣಿ ಈಗ ಡ್ಯಾಮಿನ ಹಿನ್ನೀರಾಗ ಐತ್ರಿ. ಅವತ್ತ ಗಂಟು ಕಟ್ಟಿದಾಂವ, ನೀರಿಲ್ಲದ ದೇಶಕ್ಕ ಹೋಗಿ ನೀರು ಮಾಡಾಕ ನಿಂತೆ."

ಅಲ್ಲಿಂದ ಮುಂದಿನ ಎರಡು ವಾರ ಅವರು ಊಟದ ಹೊತ್ತಿಗೆ ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಬಲಗಿವಿ ನನ್ನ ಕಡೆ ಬರುವಂತೆ ಕುರ್ಚಿ ತಿರುಗಿಸಿಕೊಳ್ಳುತ್ತಿದ್ದರು. ಹೆಂಡತಿ ಕೋವಿಡ್‌ನ ಮೊದಲ ವರ್ಷ ತೀರಿಕೊಂಡದ್ದು, ವಿಮಾನವಿಲ್ಲದೆ ಮಣ್ಣಿಗೆ ಹೋಗಲಾಗದ್ದು, ಮಗಳು ಶಬಾನಾ ಊರು ಮುಳುಗಿದ ಮೇಲೆ ಕಟ್ಟಿದ ನವನಗರದ ಶಾಲೆಯಲ್ಲಿ ಟೀಚರ್ ಆಗಿರುವುದು, ಇವನ್ನೆಲ್ಲ ಬೇರೆ ಯಾರದೋ ಸಂಗತಿ ಎಂಬಂತೆ ಹೇಳುತ್ತಿದ್ದರು. ಸ್ಥಾವರದ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಸಮುದ್ರದ ಕಡೆಯಿಂದ ಬಂದ ಚಂಡಮಾರುತವೊಂದರ ಬಾಲ ಆ ವಾರ ರಾಲಿಯ ಮೇಲೆ ಹಾದುಹೋಯಿತು. ದಿನವಿಡೀ ಮಳೆ. ಕೆಂಪಾಗುವ ಮೊದಲೇ ಎಲೆಗಳು ಹರಿದು ಪಾರ್ಕಿಂಗ್ ಜಾಗದಲ್ಲಿ ಅಂಟಿಕೊಂಡಿದ್ದವು. ಒಳಗೆ ನಾವು ಕೊಳವೆ ಸೀಳಿ ಹಾಳೆಗಳನ್ನು ಉದ್ದನೆಯ ಮೇಜಿನ ಮೇಲೆ ಹಾಸಿದೆವು. ಕಂದು ಲೋಳೆ, ಮರಳಿನ ಕಣ, ಹಳೆಯ ಕಡಲಿನ ವಾಸನೆ. ದಸ್ತಗೀರ್ ಅವರು ಕೈಗವಸು ಹಾಕಿಕೊಂಡು ಹಾಳೆಯ ತುದಿಯನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದರು. ಮತ್ತೆ ಮಲಗಿಸಿದರು.

ಕ್ಲೋರಿನ್ ತಗುಲಿದೆಯೇ ಎಂದು ನೋಡುವ ಪರೀಕ್ಷೆಗೆ ಪಿರಿಡಿನ್ ಎಂಬ ದ್ರವ ಬೇಕು. ಕೊಳೆತ ಮೀನಿನಂಥ ವಾಸನೆ ಅದರದ್ದು. ಎಷ್ಟು ಜೋರಾಗಿ ಗಾಳಿ ಎಳೆಯುವ ಯಂತ್ರವಿದ್ದರೂ ಕೂದಲಿಗೆ, ಸ್ವೆಟರಿಗೆ ಅಂಟಿಕೊಳ್ಳುತ್ತದೆ. ಹಾಳೆಯ ಚೂರುಗಳನ್ನು ಗಾಜಿನ ನಳಿಗೆಗಳಲ್ಲಿ ಅದರ ಜೊತೆ ಇಟ್ಟು ಬಿಸಿ ಮಾಡುತ್ತೇವೆ. ಬಣ್ಣ ಬರದಿದ್ದರೆ ಹಾಳೆಗೆ ಕ್ಲೋರಿನ್ ತಗುಲಿಲ್ಲ ಎಂದರ್ಥ. ಗುಲಾಬಿಯಾದರೆ ತಗುಲಿದೆ.

ಎಲ್ಲರೂ ಗಾಜಿನ ಈಚೆ ನಿಂತಿದ್ದೆವು. ಮೊದಲು ಒಂದು ನಳಿಗೆಯಲ್ಲಿ ನಸುಗೆಂಪು ಕಂಡಿತು. ನೋಡುತ್ತಿದ್ದಂತೆ ಅದರ ಪಕ್ಕದ್ದು. ಆಮೇಲೆ ಅಷ್ಟೂ ನಳಿಗೆಗಳು, ಮದುವೆ ಮನೆಯ ಶರಬತ್ತಿನ ಹಾಗೆ. ಮಾರ್ಕ್ ಕೆಟ್ಟವನಲ್ಲ, ಗೆದ್ದೆನೆಂದು ನಗಲಿಲ್ಲ. ತಲೆ ತಗ್ಗಿಸಿ ಹೊರಗೆ ಹೋದ. ದಸ್ತಗೀರ್ ಅವರು ನಳಿಗೆಗಳನ್ನೇ ನೋಡುತ್ತಾ ನಿಂತಿದ್ದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ಅವತ್ತು ಮನೆಗೆ ಹೋದಾಗ ಮಿಹಿಕಾ ಅಪ್ಪಿಕೊಳ್ಳಲು ಬಂದವಳು ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. "ಅಮ್ಮಾ, ಯು ಸ್ಮೆಲ್ ಲೈಕ್ ಡೆಡ್ ಫಿಶ್!" ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಹೋಗಲಿಲ್ಲ.

ಭಾನುವಾರ ಮಳೆ ಬಿಟ್ಟಿತ್ತು. ಪ್ರಕಾಶ್, "ಪಾಪ, ಹೋಟೆಲ್ ರೂಮಲ್ಲಿ ಒಬ್ರೇ ಏನ್ ಮಾಡ್ತಾರೆ, ಕರ್ಕೊಂಡ್ ಬರೋಣ" ಎಂದ. ಊಟ ಮುಗಿಸಿ ಎಲ್ಲರೂ ಫಾಲ್ಸ್ ಲೇಕ್‌ಗೆ ಹೋದೆವು. ರಾಲಿಯ ನಲ್ಲಿಗಳಿಗೆ ಬರುವುದು ಆ ಕೆರೆಯ ನೀರೇ. ಅಪ್ಪ ಮಗಳು ದಡದಲ್ಲಿ ಕಲ್ಲು ಎಸೆಯಲು ಹೋದರು. ನಾವಿಬ್ಬರೂ ಒದ್ದೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕುಳಿತೆವು.

"ನಂಗ ಗೊತ್ತಿತ್ರಿ, ನಳಿಗಿ ಕೆಂಪಾಗ್ತಾವಂತ," ಎಂದರು ಅವರು.

"ಮತ್ತೆ ಮೊದಲನೇ ದಿನ ಝೀರೋ ಅಂದ್ರಲ್ಲ?"

"ಹಂಗ ಹೇಳಂತ ಕಳಿಸ್ಯಾರ್ರಿ."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಆ ವರ್ಷ ಬೇಸಿಗೆಯ ಮೊದಲಲ್ಲಿ ಅಲ್ಲಿನ ಸಮುದ್ರ ಕೆಮ್ಮಣ್ಣು ಕದಡಿದಂತೆ ಕೆಂಪಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕೋಟಿಗಟ್ಟಲೆ ಹುಟ್ಟಿ, ಸತ್ತು, ಲೋಳೆಯಾಗಿ ದಂಡೆಗೆ ಬಂತು. ಅಕ್ಕಪಕ್ಕದ ಸ್ಥಾವರಗಳು ಒಂದೊಂದಾಗಿ ಬಾಗಿಲು ಹಾಕಿದವು. ಇವರದು ನಡೆಯಬೇಕಾದರೆ ಕ್ಲೋರಿನ್ ಏರಿಸಬೇಕು. ಅದನ್ನು ಕೊಲ್ಲುವ ಪುಡಿಯ ದಾಸ್ತಾನು ತಳ ಕಂಡಿತ್ತು, ಹೊಸ ಮಾಲು ಬಂದರಿನಲ್ಲಿ ಸಿಕ್ಕಿಕೊಂಡಿತ್ತು.

"ಮ್ಯಾನೇಜರಗ ಫೋನ್ ಹಚ್ಚಿದ್ನಿರಿ. ಪುಡಿ ಮುಗೀತೈತಿ, ನಿಲ್ಲಿಸಲೇನು ಅಂದೆ. 'ನೀ ನೋಡಿ ಮಾಡು' ಅಂದ. ಇಂಥಾ ಮಾತಿಗೆ ಸಾಕ್ಷಿ ಇರಂಗಿಲ್ರಿ. ಹತ್ತು ನಿಮಿಷಕ್ಕ ದವಾಖಾನಿಯಿಂದ ಫೋನ್ ಬಂತು. ನರ್ಸಬಾಯಿ, ಕೇರಳದಾಕಿ. ಟಾಕಿ ಖಾಲಿ ಆಗಾಕತ್ತೈತಿ, ಡಯಾಲಿಸಿಸ್ ಮಂದಿ ಸಾಲು ಹಿಡದು ಕುಂತಾರ, ನೀರು ನಿಲ್ತೈತೇನು ಅಂತ ಕೇಳಿದಳು."

"ನೀವು ಏನಂದ್ರಿ?"

"ನಿಲ್ಲಂಗಿಲ್ಲ ಸಿಸ್ಟರ್ ಅಂದೆ." ಅವರು ಕೈಗಳನ್ನು ತೊಡೆಗಳ ನಡುವೆ ಸೇರಿಸಿ ಚಳಿಗೆ ಮುದುಡಿಕೊಂಡರು. "ಪುಡಿ ಬರೂತನಕ ಹಂಗ ನಡಸಿದ್ನಿರಿ. ಹಾಳಿ ಸುಡ್ತಾವಂತ ಗೊತ್ತಿದ್ದ ನಡಸಿದೆ. ಆಮ್ಯಾಲ ನಳದಾಗ ಉಪ್ಪು ಬಂತು. ಊರ ಮಂದಿ ನಮಗ ಬೈದ್ರು. ಬೈಬೇಕ್ರಿ ಮತ್ತ, ಕುಡಿಯೂದು ಅವರು."

ನಾನು ಸಮಾಧಾನ ಹೇಳಲು ನೋಡಿದೆ. "ಟೆಸ್ಟಲ್ಲಿ ಏನು ಕಂಡಿತೋ ಅಷ್ಟನ್ನೇ ನಾನು ಬರೀತೀನಿ. ಕ್ಲೋರಿನ್ ತಗುಲಿದೆ ಅಂತ. ಯಾರು ಬಿಟ್ರು, ಯಾಕೆ ಬಿಟ್ರು ಅಂತ ಯಾವ ಟೆಸ್ಟೂ ಹೇಳಲ್ಲ. ನೀವು ನಾಳೆ ಮೀಟಿಂಗಲ್ಲಿ ಸುಮ್ಮನೆ ಇದ್ದುಬಿಡಿ."

"ನಾ ಸುಮ್ಮನಿದ್ರ ತಪ್ಪೆಲ್ಲ ಆ ಪಾಳಿಯಾಗಿದ್ದ ಆಪರೇಟರನ ಕೊರಳಿಗೆ ಹಾಕ್ತಾರ್ರಿ. ಬಾಂಗ್ಲಾದಾಂವ. ಪಂಪು ಅವನ ಕೈಯಾಗಿತ್ತು. ನಾ ಹೇಳಿದ್ದಕ್ಕ ಬಿಟ್ಟಾನ. ಅವನ ಮನ್ಯಾಗ ಒಬ್ಬ ದುಡಿದ್ರ ಏಳು ಮಂದಿ ಉಣ್ತಾರ."

ನೀರಿನ ಅಂಚಿನಿಂದ ಮಿಹಿಕಾ ಕೂಗಿದಳು, "ಅಂಕಲ್, ಬನ್ನಿ! ವಾಚ್ ದಿಸ್!" ಅವರು ಎದ್ದು ಹೋದರು. ಅವಳು ಎಸೆದ ಕಲ್ಲು ಎರಡು ಸಲ ಪುಟಿದು ಮುಳುಗಿದಾಗ ಚಪ್ಪಾಳೆ ತಟ್ಟಿದರು.

ಸೋಮವಾರದ ಕೊನೆಯ ಸಭೆಗೆ ಅವರ ಕಂಪನಿಯವರು ಕಂಪ್ಯೂಟರ್ ಪರದೆಯಲ್ಲಿ ಕುಳಿತಿದ್ದರು. ನಾನು ಫಲಿತಾಂಶ ಓದಿದೆ. ಪರದೆಯಲ್ಲಿದ್ದ ಒಬ್ಬರು, ಇದು ಕೆಳಗಿನ ಸಿಬ್ಬಂದಿಯ ಅಜಾಗರೂಕತೆ ಇರಬಹುದು, ವಿಚಾರಿಸುತ್ತೇವೆ ಎಂದರು. ಆಗ ದಸ್ತಗೀರ್ ಅವರು ಎದ್ದು ನಿಂತರು. ಕೂತೇ ಮಾತಾಡಬಹುದಿತ್ತು, ಆದರೂ ನಿಂತರು. ಮುರುಕು ಇಂಗ್ಲಿಷಿನಲ್ಲಿ, ಆ ಗಟ್ಟಿ ದನಿಯಲ್ಲೇ, ಆಪರೇಟರ್‌ಗೆ ಆಜ್ಞೆ ಕೊಟ್ಟದ್ದು ನಾನು, ಮ್ಯಾನೇಜರ್‌ಗೆ ತಿಳಿಸಿಯೇ ಕೊಟ್ಟೆ, ಆಸ್ಪತ್ರೆಗೆ ನೀರು ಬೇಕಿತ್ತು, ಮೊದಲ ದಿನ ನಾನು ಹೇಳಿದ್ದು ಸುಳ್ಳು ಎಂದರು.

"ನದಾಫ್, ನೀವು ದಣಿದಿದ್ದೀರಿ," ಎಂದಿತು ಪರದೆ.

ಅವರು ಇನ್ನೊಮ್ಮೆ ಮೊದಲಿನಿಂದ ಹೇಳಿದರು. ಎರಡನೆಯ ಸಲ ಮುಗಿಯುವ ಮೊದಲೇ ಪರದೆ ಕಪ್ಪಾಯಿತು.

ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಕೊನೆಗೆ ಕೇಳಿಯೇಬಿಟ್ಟೆ: "ಅಲ್ಲಿಗೆ ವಾಪಸ್ ಹೋಗಲೇಬೇಕಾ? ಟಿಕೆಟ್ ಚೇಂಜ್ ಮಾಡಿಸಿ ನೇರ ಬೆಂಗಳೂರಿಗೆ ಹೋಗಿಬಿಡಿ."

"ಓಡಿಹೋದ ಅಂತಾರ್ರಿ. ಮತ್ತ ಅದು ತಿರಿಗಿ ಆ ಆಪರೇಟರನ ತಲಿ ಮ್ಯಾಲ ಬರ್ತೈತಿ," ಎಂದರು. ಕೋಟು ಸರಿಮಾಡಿಕೊಂಡು, ಚೀಲ ಹೆಗಲಿಗೇರಿಸಿ ಒಳಗೆ ಹೋದರು.

ಮುಂದಿನದು ನನಗೆ ತುಂಡುತುಂಡಾಗಿ ತಿಳಿದದ್ದು. ಅಲ್ಲಿಗೆ ಮುಟ್ಟಿದ ವಾರದೊಳಗೇ ಅವರನ್ನು ಕೆಲಸದಿಂದ ತೆಗೆದರು. ಕಂಪನಿ ನಷ್ಟದ ಕೇಸು ಹಾಕಿತು. ಕೇಸು ಮುಗಿಯುವವರೆಗೆ ದೇಶ ಬಿಡುವಂತಿಲ್ಲ, ಬೇರೆ ಕಡೆ ದುಡಿಯುವಂತೆಯೂ ಇಲ್ಲ. ಪರಿಚಯದವರ ಕೋಣೆಗಳಲ್ಲಿ ಒಂದೊಂದು ತಿಂಗಳು ಇದ್ದರು. ಆಗೊಮ್ಮೆ ಈಗೊಮ್ಮೆ ವಾಟ್ಸಾಪಿನಲ್ಲಿ ದನಿ ಕಳಿಸುತ್ತಿದ್ದರು: "ಅರಾಮ ಅದೀನ್ರಿ. ಮಗಳು ಹೆಂಗದಾಳ್ರಿ?" ಅಷ್ಟೇ. ಆಪರೇಟರ್‌ಗೆ ಏನೂ ಆಗಲಿಲ್ಲ. ಆದರೆ ಅವನು ಇವರ ಫೋನ್ ಎತ್ತುತ್ತಿರಲಿಲ್ಲ. ಎತ್ತಿದ್ದು ಗೊತ್ತಾದರೆ ಅವನ ಕೆಲಸ ಹೋಗುತ್ತಿತ್ತು.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಶಬಾನಾ ಫೋನ್ ಮಾಡಿದಳು. "ಮೇಡಮ್ಮಾರ, ನಿಮ್ಮ ರಿಪೋರ್ಟ್ ತೋರಿಸಿ, ಅಪ್ಪಾರು ಬೇಕಂತ ಪ್ಲಾಂಟ್ ಹಾಳು ಮಾಡ್ಯಾರ ಅಂತ ಕೋರ್ಟಿನಾಗ ಹೇಳಾಕತ್ತಾರ್ರಿ. ನಿಮ್ಮ ರಿಪೋರ್ಟಿನಾಗ ಹಂಗ ಐತೇನ್ರಿ?"

ಇರಲಿಲ್ಲ. ಅದರಲ್ಲಿದ್ದ ಪ್ರತಿ ಮಾತೂ ನಿಜ, ಆದರೆ ಆ ಮಾತು ಅದರಲ್ಲಿ ಇರಲಿಲ್ಲ. ನಮ್ಮ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಎರಡು ಪುಟ ಬರೆದುಕೊಡಲು ಲಿಂಡಾಳ ಅನುಮತಿ ಕೇಳಿದೆ. ಗ್ರಾಹಕರ ವ್ಯಾಜ್ಯದಲ್ಲಿ ಲ್ಯಾಬ್ ತಲೆ ಹಾಕುವುದಿಲ್ಲ, ನೀನು ಸಹಿ ಮಾಡಿದ ಕರಾರಿನಲ್ಲೂ ಅದೇ ಇದೆ ಎಂದಳು.

ರಾತ್ರಿ ಊಟಕ್ಕೆ ಕುಳಿತಾಗ ಪ್ರಕಾಶ್ ಅಂದ, "ಬೇಡ ವಸು. ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಈಗಷ್ಟೇ ಅಪ್ಲೈ ಮಾಡಿದೀವಿ. ಈ ಟೈಮಲ್ಲಿ ಲ್ಯಾಬ್ ಜೊತೆ ಜಗಳ ಬೇಕಾ?"

"ಜಗಳ ಏನ್ ಬಂತು? ನಾನು ಬರ್ದಿದ್ದನ್ನ ತಿರುಚ್ತಿದಾರೆ. ನಾನು ಬಾಯಿ ಮುಚ್ಕೊಂಡಿದ್ರೆ ಅದೇ ನಿಜ ಆಗೋಗತ್ತೆ."

"ಆ ಲೆಟರ್‌ನ ಕೋರ್ಟ್ ಓದತ್ತೆ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ."

ಅವನು ತಟ್ಟೆಯಲ್ಲಿ ಅನ್ನ ಕಲಸತೊಡಗಿದ. ಶನಿವಾರ ಅವನೇ ನನ್ನನ್ನು ಕಾರಿನಲ್ಲಿ ನೋಟರಿಯ ಹತ್ತಿರ ಕರೆದುಕೊಂಡು ಹೋದ. ನಾನು ಬರೆದ ಎರಡು ಪುಟಕ್ಕೆ ಮುದ್ರೆ ಒತ್ತಿಸಿ ಕೊರಿಯರ್‌ಗೆ ಹಾಕಿ ಬಂದೆವು.

ಸುದ್ದಿ ಲ್ಯಾಬಿಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಲಿಂಡಾ ನನ್ನನ್ನು ಕರೆದು ಮೃದುವಾಗಿಯೇ ಮಾತಾಡಿದಳು. ಮಧ್ಯಾಹ್ನದೊಳಗೆ ನನ್ನ ಡ್ರಾಯರ್ ಖಾಲಿ ಮಾಡಿ ಬಂದೆ. ಆಮೇಲೆ ಆ ಕಸುಬಿನಲ್ಲಿ ಯಾರೂ ನನ್ನನ್ನು ಕರೆಯಲಿಲ್ಲ. ಮರುವರ್ಷ ಪ್ರಕಾಶ್‌ಗೆ ಸೆಂಟರ್‌ವಿಲ್ ಹತ್ತಿರದ ಹರ್ನ್‌ಡನ್‌ನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಈಗ ನಾನು ಹೈಸ್ಕೂಲುಗಳಲ್ಲಿ ಟೀಚರ್ ರಜೆಯಿದ್ದ ದಿನ ಪಾಠ ಮಾಡಲು ಹೋಗುತ್ತೇನೆ. ನನ್ನ ಕಾಗದವನ್ನು ಕೋರ್ಟು ನೋಡಲೇ ಇಲ್ಲವಂತೆ. ಅಲ್ಲಿನ ಭಾಷೆಗೆ ಅನುವಾದ ಮಾಡಿಸಿ ತಂದದ್ದೂ ಕಡತದ ಹೊರಗೇ ಉಳಿಯಿತೆಂದು ಶಬಾನಾ ಹೇಳಿದಳು. ಒಂದೂವರೆ ವರ್ಷದ ಮೇಲೆ ಆ ಕಂಪನಿಯನ್ನೇ ಬೇರೆಯವರು ಕೊಂಡುಕೊಂಡರು. ಹೊಸಬರಿಗೆ ಹಳೆಯ ಕೇಸಿನಲ್ಲಿ ಆಸಕ್ತಿ ಇರಲಿಲ್ಲ. ಕೈಬಿಟ್ಟರು. ದಸ್ತಗೀರ್ ಅವರು ಒಂದು ಚೀಲ ಹಿಡಿದುಕೊಂಡು ನವನಗರದ ಮಗಳ ಮನೆಗೆ ಬಂದರು.

ಬಂದ ಮೇಲೆ ಅವರ ದನಿ ಬರುವುದು ನಿಂತುಹೋಯಿತು. ಎರಡು ಸಲ ಫೋನ್ ಮಾಡಿದೆ, ಮಲಗಿದ್ದಾರೆ ಎಂದಳು ಶಬಾನಾ. ಮೂರನೆಯ ಸಲ ಮಾಡಲು ನನಗೇ ಅಳುಕಾಯಿತು. ಹಾಗೇ ತಿಂಗಳುಗಳು ಹೋದವು.

ಕಳೆದ ವಾರ ಆ ಕೊರಿಯನ್ ಅಂಗಡಿಯಿಂದ ತರಕಾರಿಯಿಲ್ಲದೆ ಮನೆಗೆ ಬಂದ ಸಂಜೆ ಮತ್ತೆ ಫೋನ್ ಮಾಡಿದೆ. ನವನಗರದಲ್ಲಿ ಆಗ ಬೆಳಿಗ್ಗೆ. ಅವರು ಎದ್ದು ಕುಳಿತಿದ್ದರು. ಈಗ ಬಲಗಿವಿಯೂ ಹೋಗಿದೆಯಂತೆ. ನಾನು ಹೇಳಿದ್ದನ್ನು ಶಬಾನಾ ಅವರ ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದಳು.

"ಲ್ಯಾಬ್ ಹೆಂಗ ನಡದೈತ್ರಿ, ಮೇಡಮ್ಮಾರ?"

"ನಡೀತಿದೆ," ಎಂದೆ. ಕೆಲಸ ಹೋದದ್ದನ್ನು ನಾನು ಅವರಿಗೆ ಹೇಳಿಲ್ಲ. ಹೇಳಬಾರದೆಂದು ಶಬಾನಾಗೂ ಹೇಳಿದ್ದೇನೆ.

ಮಿಹಿಕಾಳ ಸ್ಕೂಲು, ಇಲ್ಲಿನ ಚಳಿ, ಬಾಗಲಕೋಟೆಯ ಬಿಸಿಲು ಎಲ್ಲ ಮಾತಾಯಿತು. ಇಡಬೇಕು ಎನ್ನುವಾಗ ಅವರೇ, ಯಾರೂ ಕೇಳದೆ, ಅಂದರು: "ಅಲ್ಲಿ ಇದ್ದಾಗ ಒಮ್ಮಿ ಆ ದವಾಖಾನಿಗೆ ಹೋಗಿದ್ನಿರಿ."

"ಡಯಾಲಿಸಿಸ್ ವಾರ್ಡಿಗಾ?"

ಶಬಾನಾ ಕೂಗಿ ಕೇಳಿದಳು.

"ಹೌದ್ರಿ. ಕೆಲಸ ಇರಲಿಲ್ಲಲ್ಲ, ನಡಕೋತ ಹೋದೆ. ಒಳಗ ಮಷೀನ್ ನಡದ ಸಪ್ಪಳ ಇತ್ತಿರಬೇಕು, ನನಗೇನು ಕೇಳಸಲಿಲ್ಲ. ಬಾಗಲದಾಗ ಕಾವಲಿನಾಂವ ತಡದ. ಯಾರನ್ನ ನೋಡಾಕ ಬಂದೀ, ಪೇಷಂಟಿನ ಹೆಸರು ಹೇಳು ಅಂದ." ಅವರು ಉಸಿರು ತೆಗೆದುಕೊಂಡರು. "ನಂಗ ಒಂದ ಹೆಸರೂ ಗೊತ್ತಿರಲಿಲ್ರಿ."

"ಆ ನರ್ಸ್?"

"ಆಕಿ ಹೆಸರೂ ಕೇಳಿರಲಿಲ್ಲ. ಸಿಸ್ಟರ್ ಅಂದಿದ್ದೆ ಅಷ್ಟ. ಹೊಳ್ಳಿ ಬಂದೆ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ಕುಳಿತೆ. ಲೈನ್ ಕಟ್ಟಾಯಿತೆಂದುಕೊಂಡು ಶಬಾನಾ ಆ ಕಡೆಯಿಂದ ಹಲೋ, ಹಲೋ ಎನ್ನುತ್ತಲೇ ಇದ್ದಳು.